ಕುರ್ಚಿಯ ಕೆಳಗಿನ ಓಣಿ

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಎಪ್ಪತ್ತರ ದಶಕದಲ್ಲಿ ಬೈಲಹೊಂಗಲಕ್ಕೆ ಹೊಂದಿಕೊಂಡ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನನ್ನೊಡನೆ, ಊರವರೆಲ್ಲ ಅಕ್ಕೋರು ಎಂದು ಕರೆಯುತ್ತಿದ್ದ ಒಬ್ಬ ಶಿಕ್ಷಕಿ ಕೆಲಸ ಮಾಡುತ್ತಿದ್ದರು. ಯಾರಾದರೂ ಏನನ್ನಾದರೂ ಬೇಡವೆಂದರೆ, ಕೈಯನ್ನು ಸೆರಗಿಗೆ ಒರೆಸಿಕೊಂಡು "ಯಾಕ, ಹೇಳ್ರಿ?" ಎಂದು ಕೇಳುವುದು ಅವರ ರೂಢಿ.

ಮೂರನೆಯ ಇಯತ್ತೆಗೆ ಊರಿನ ಭೂಗೋಳ ಕಲಿಸಲು ಅವರು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ನಕಾಶೆ ಬರೆಯುತ್ತಿದ್ದರು. ಪ್ರತಿ ಮಗುವೂ ತನ್ನ ಮನೆಯಿರುವಲ್ಲಿ ಒಂದು ಕಲ್ಲು ಇಡಬೇಕು. ಒಮ್ಮೆ ಪಂಚಾಯತಿ ಚೇರಮನ್ನರು ಅಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾಗ, ಹಳ್ಳದಾಚೆಯ ಕೇರಿಯ ಹುಡುಗಿ ಕಲ್ಲು ಹಿಡಿದು ಬಂದಳು.

"ಹಳ್ಳಕ್ಕ ನಮ್ಮ ಊರು ಮುಗೀತು. ಆ ಓಣಿ ನಕಾಶೆದಾಗೂ ಬ್ಯಾಡ, ಆ ಹುಡುಗ್ರು ಈ ಸಾಲಿಗೂ ಬ್ಯಾಡ," ಎಂದರು ಚೇರಮನ್ನರು.

ಆ ಮಕ್ಕಳಿಗೆ ಹತ್ತಿರದಲ್ಲಿ ಬೇರೆ ಶಾಲೆಯೇ ಇರಲಿಲ್ಲವೆಂಬುದನ್ನು ಇಂದಿಗೂ ಸಿಟ್ಟಿನಿಂದಲೇ ನಮೂದಿಸುತ್ತೇನೆ. ಮತ ಕೇಳಲು ಸದರಿಯವರೇ ಆ ಹಳ್ಳವನ್ನು ದಾಟಿ ಹೋಗಿದ್ದರು.

"ಯಾಕ, ಹೇಳ್ರಿ?" ಎಂದರು ಅಕ್ಕೋರು. ಅವರು ಸುಣ್ಣದ ಗೆರೆಯನ್ನು ನಕಾಶೆಯ ಹಳ್ಳದಾಚೆಗೆ ಎಳೆಯುತ್ತಾ ಕುರ್ಚಿಯವರೆಗೆ ಬಂದರು.

"ಸಾಹೇಬ್ರ, ಸ್ವಲ್ಪ ಏಳ್ರಿ. ಅವರ ಓಣಿ ನಿಮ್ಮ ಕುರ್ಚಿ ಬುಡಕ ಬರತೈತಿ."

ಮಕ್ಕಳು ನಕ್ಕರು. ಚೇರಮನ್ನರು ಎದ್ದರು. ಹುಡುಗಿ ಕಲ್ಲು ಇಟ್ಟಳು.

ಒಂದೇ ವಾರದಲ್ಲಿ ಅಕ್ಕೋರಿಗೆ ರಾಮದುರ್ಗದ ಕಡೆಗೆ ವರ್ಗವಾಯಿತು. ಆದೇಶದಲ್ಲಿ ಯಾವ ಕಾರಣವನ್ನೂ ತಿಳಿಸಿರಲಿಲ್ಲ. ನಾನು ಕುದಿಯುತ್ತಲೇ ಅವರ ಟ್ರಂಕನ್ನು ಬಸ್ಸಿಗೇರಿಸಿದೆ. ಅವರು ಮಾತ್ರ ಕಿಟಕಿಯಿಂದ ಬಾಗಿ ಕೇಳಿದರು:

"ಆ ಹುಡುಗಿ ಇವತ್ತ ಸಾಲಿಗೆ ಬಂದಾಳೇನ್ರಿ?"

"ಬಂದಾಳ್ರಿ," ಎಂದೆ. "ತಂಗೀನೂ ಕರಕೊಂಡು ಬಂದಾಳ."