ಎರಡೂ ಹಿಮ್ಮಡಿ

ಅಕ್ಕನನ್ನು ಸೋದರಮಾವನಿಗೆ ಕೊಟ್ಟಿದ್ದೆವು. ಅವ್ವನ ಕೊನೆಯ ತಮ್ಮ ಆತ. ಸಿರುಗುಪ್ಪದ ತವರಿನಲ್ಲಿ ಅವ್ವ ಸೊಂಟದ ಮೇಲೆ ಹೊತ್ತು ಬೆಳೆಸಿದವನು; ಈಗ ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ, ಮೇಲೆ ಮಾಳಿಗೆಯ ಮನೆ. ಹೊರಗಿನ ಗಂಡಾಗಿದ್ದರೆ ನಾಲ್ಕು ಕಡೆ ವಿಚಾರಿಸುತ್ತಿದ್ದೆವು. ನಮ್ಮವನೇ ಅಲ್ಲವೇ, ವಿಚಾರಿಸುವುದೇನು?

ಅಕ್ಕ ಆಗಾಗ ಮುಖ ಬಾಡಿಸಿಕೊಂಡು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬರುತ್ತಿದ್ದಳು. ಅವ್ವ ರೊಟ್ಟಿ ಬಡಿದು ಉಣಿಸಿ, ತಲೆ ಬಾಚಿ, ಹೂ ಮುಡಿಸಿ, ಮರುದಿನ ತಾನೇ ಕುರುಗೋಡಿನ ಬಸ್ಸು ಹತ್ತಿಸಿ ಬರುತ್ತಿದ್ದಳು. ತಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಮನಸ್ಸು ಮಾತ್ರ ಬೆಣ್ಣೆ ಅನ್ನುವುದು ಅವಳ ಮಾತು. ನಾನು ಎದುರಾಡಿದರೆ, ಮದುವೆಯಾಗದವಳಿಗೆ ಏನು ಗೊತ್ತು ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಮಾವನ ಫೋನ್ ಬಂತು. ಅಕ್ಕ ಬಚ್ಚಲ ಮೆಟ್ಟಿಲಲ್ಲಿ ಜಾರಿದ್ದಾಳೆ, ಹಿಮ್ಮಡಿ ಊದಿದೆ, ನಿಮ್ಮೂರಿನ ಗಾಂಧಿನಗರದ ಎಲುಬಿನ ಆಸ್ಪತ್ರೆಗೆ ಕರೆತರುತ್ತಿದ್ದೇನೆ ಎಂದ. ನಾವು ಹೋಗುವಷ್ಟರಲ್ಲಿ ತಾನೇ ಗಾಲಿ ಕುರ್ಚಿ ತಳ್ಳುತ್ತಿದ್ದ, ಎಳನೀರು ಕುಡಿಸುತ್ತಿದ್ದ. ಅವ್ವನ ಕಣ್ಣು ತುಂಬಿತು. ಸುಳ್ಳೇಕೆ, ಮನುಷ್ಯ ಪರವಾಗಿಲ್ಲ ಎಂದು ನನಗೂ ಅನ್ನಿಸಿತು.

ಬಲಗಾಲಿನ ಎಕ್ಸ್‌ರೇ ಆಯಿತು. ಡಾಕ್ಟರು ಎಡಗಾಲಿನ ಹಿಮ್ಮಡಿಯನ್ನೂ ಒತ್ತಿ ನೋಡಿದರು. ಅಕ್ಕ ಸೆರಗು ಕಚ್ಚಿದಳು. ಅದರದೂ ತೆಗೆಸಿ, ಆಮೇಲೆ ಎರಡೂ ಕಾಲಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ನಮ್ಮನ್ನೆಲ್ಲ ಒಳಗೆ ಕರೆದರು. ಕಂಪ್ಯೂಟರಿನಲ್ಲಿ ಎಲುಬನ್ನು ಅತ್ತಿತ್ತ ತಿರುಗಿಸಿ ತೋರಿಸಿದರು. ಮೇಲಕ್ಕೆ ಉಬ್ಬಿರಬೇಕಾದ ಹಿಮ್ಮಡಿ ಎಲುಬು ಚಪ್ಪಟೆಯಾಗಿ, ಕೈಯಲ್ಲಿ ಹಿಚುಕಿದ ಟೋಸ್ಟಿನ ಹಾಗೆ ಚೂರುಚೂರಾಗಿತ್ತು. ಎರಡು ಕಾಲಿನಲ್ಲೂ ಹಾಗೇ.

ಬೆನ್ನೆಲುಬಿನದೂ ಸ್ಕ್ಯಾನ್ ಆಗಬೇಕು ಎಂದರು ಡಾಕ್ಟರು. ಎತ್ತರದಿಂದ ನೆಟ್ಟಗೆ ಕಾಲ ಮೇಲೆ ಬಿದ್ದವರಿಗೆ ಹಿಮ್ಮಡಿಯ ಜೊತೆ ಬೆನ್ನೂ ಮುರಿದಿರಬಹುದಂತೆ.

ಅವ್ವನಿಗೆ ತಿಳಿಯಲಿಲ್ಲ. ಆ ಮನೆಯಲ್ಲಿ ಎಷ್ಟೋ ಸಲ ಉಳಿದು ಬಂದವಳು. "ಎತ್ತರ ಎಲ್ಲೈತ್ರಿ? ಬಚ್ಚಲ ಮೆಟ್ಟಲ ಒಂದು ಗೇಣೂ ಇಲ್ಲ" ಅಂದಳು.

ತಲೆ ಸುತ್ತಿ ಬಿದ್ದಿರಬೇಕು ಎಂದೇನೋ ಮಾವ ತೊದಲಿದ. ಡಾಕ್ಟರು ಅವನ ಮುಖವನ್ನೊಮ್ಮೆ ನೋಡಿ, ನೀವು ಸ್ವಲ್ಪ ಹೊರಗಿರಿ ಎಂದರು.

ಬಾಗಿಲು ಮುಚ್ಚಿದ ಮೇಲೆ ಅಕ್ಕ ಬಾಯಿಬಿಟ್ಟಳು. ಹೊಡೆದು, ಮೇಲಿನ ಬಯಲು ಮಾಳಿಗೆಗೆ ಅಟ್ಟಿ, ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕುತ್ತಿದ್ದನಂತೆ. ಕುರುಗೋಡಿನ ಬಿಸಿಲಲ್ಲಿ, ಕುಡಿಯಲು ನೀರೂ ಕೊಡದೆ. ಇದು ಮೊದಲ ಸಲವಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು; ನಾವು ಬೇಲಿಗೆ ಕೈಮುಗಿಯುತ್ತಿದ್ದೆವು. ಸಾಯಲಿಕ್ಕೆ ಹಾರಿದೆಯಾ ಎಂದು ನಾನು ಕೇಳಿಬಿಟ್ಟೆ.

ಅವಳು ಅವ್ವನ ಕಡೆ ನೋಡಿದಳು. "ಸಾಯಾಕಲ್ಲ. ನಮ್ಮ ಮನಿಗೆ ಬರಾಕ ಹಾರಿದ್ನೆವ್ವಾ."

ಅವ್ವ ಅಳಲಿಲ್ಲ. ಇನ್ನೊಮ್ಮೆ ತೋರಿಸಿ ಎಂದು ಡಾಕ್ಟರನ್ನು ಕೇಳಿ, ಆ ಎಲುಬುಗಳನ್ನು ತುಂಬ ಹೊತ್ತು ನೋಡಿದಳು. ಅವಳಿಗೆ ಅವು ಎಷ್ಟು ಅರ್ಥವಾದವೋ, ನಾನು ಕೇಳಲಿಲ್ಲ.

ಅಕ್ಕನ ಕುರ್ಚಿ ತಳ್ಳಿಕೊಂಡು ಹೊರಗೆ ಬಂದೆವು. ಮಾವ ಬೆಂಚಿನಿಂದ ಎದ್ದು ಬಂದ. ಆಪರೇಷನ್ ಇಲ್ಲೇ ಆಗಲಿ, ಆಮೇಲೆ ತಾನೇ ಊರಿಗೆ ಕರೆದೊಯ್ದು ಆರೈಕೆ ಮಾಡುವೆ ಎಂದ. ಕುರ್ಚಿಯ ಹಿಡಿಗೆ ಕೈ ಹಾಕಿದ. ಅವ್ವ ಆ ಕೈ ತೆಗೆದುಹಾಕಿದಳು.

"ಅಕ್ಕಾ, ನನ್ನ ಮಾತು ಒಂದೀಟು ಕೇಳು" ಅಂದ ಮಾವ.

"ಅಕ್ಕಾ ಅನಬ್ಯಾಡ" ಅಂದಳು ಅವ್ವ. "ನಾ ಈಕಿ ತಾಯಿ."