ಮುರಳಿ ಸಾರ್ ಕಲಿಸಿಕೊಟ್ಟ ದಾರಿ

ಗೌರಿಬಿದನೂರಿನ ಬಸ್ ನಿಲ್ದಾಣದ ಹತ್ತಿರ ಬೀಜ-ಗೊಬ್ಬರದ ಅಂಗಡಿಯೊಂದಿದೆ. ಅದರ ಮಹಡಿಯ ಮೇಲೆ ಮುರಳಿಮೋಹನ್ ಕಂಪ್ಯೂಟರ್ ಸೆಂಟರ್ ನಡೆಸುತ್ತಾರೆ. ಮೆಟ್ಟಿಲು ಹತ್ತುವಾಗಲೇ ಗೊಬ್ಬರದ, ಕೀಟನಾಶಕದ ವಾಸನೆ ಮೂಗಿಗೆ ಬಡಿಯುತ್ತದೆ. ಹೊಸದಾಗಿ ಸೇರಿದವರು ಸ್ವಲ್ಪ ದಿನ ಕರ್ಚೀಫು ಹಿಡಿದು ಕೂರುತ್ತಾರೆ, ಆಮೇಲೆ ಮರೆತುಬಿಡುತ್ತಾರೆ.

ಮುರಳಿಮೋಹನ್ ಓದಿದ್ದು ಬಿ.ಕಾಂ. ಮೊದಲು ಅದೇ ಕೋಣೆಯಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದರು. ಟೈಪ್‌ರೈಟರಿನ ಕಾಲ ಮುಗಿದಾಗ ಕಂಪ್ಯೂಟರ್ ತಂದರು. ಪುಸ್ತಕ ನೋಡಿ, ಗೊತ್ತಿದ್ದವರನ್ನು ಕೇಳಿ, ಈ ವಾರ ತಾವು ಕಲಿತದ್ದನ್ನು ಮುಂದಿನ ವಾರ ಮಕ್ಕಳಿಗೆ ಕಲಿಸಿದರು. ಟ್ಯಾಲಿ ಆಯಿತು, ಡಿಟಿಪಿ ಆಯಿತು, ಕೊನೆಗೆ ವೆಬ್‌ಸೈಟ್ ಮಾಡುವ ಪಿಎಚ್‌ಪಿಗೂ ಬಂದರು. ಸುತ್ತಮುತ್ತ ಅದನ್ನು ಹೇಳಿಕೊಡುವವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳುವವರೂ ಇರಲಿಲ್ಲ.

ಆ ಪಾಠದಲ್ಲಿ ಒಂದು ಜಾಗ ಮಾತ್ರ ಅವರಿಗೆ ಮೊದಲಿನಿಂದಲೂ ಕಷ್ಟ ಕೊಟ್ಟಿತ್ತು. ಒಂದು ವೆಬ್‌ಸೈಟಿನಲ್ಲಿ ಎಷ್ಟೇ ಪುಟಗಳಿರಲಿ, ಮೇಲ್ಗಡೆಯ ಹೆಸರು ಮತ್ತು ಮೆನು ಎಲ್ಲದರಲ್ಲೂ ಒಂದೇ. ಅದನ್ನು ಹೆಡರ್ ಎಂಬ ಬೇರೆ ಫೈಲಿನಲ್ಲಿ ಬರೆದಿಟ್ಟು, ‘ಇಂಥ ಜಾಗದಲ್ಲಿರುವ ಆ ಫೈಲನ್ನು ಇಲ್ಲಿ ಸೇರಿಸು’ ಎಂದು ಪ್ರತಿ ಪುಟದ ತಲೆಯಲ್ಲಿ ಒಂದು ಸಾಲು ಹಾಕುತ್ತಾರೆ. ಅದಕ್ಕೆ ಇನ್‌ಕ್ಲೂಡ್ ಎಂದು ಹೆಸರು. ಜಾಗ ತಪ್ಪಾಗಿ ಬರೆದರೆ ಮೆನು ಬರುವುದಿಲ್ಲ. ಅಂಥ ಫೈಲೇ ಇಲ್ಲ ಎಂಬ ಇಂಗ್ಲಿಷ್ ಸಾಲು ಬಂದು ಕೂರುತ್ತದೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದರೆ ತೊಂದರೆಯಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಬಂತೆಂದರೆ, ಎಷ್ಟು ಫೋಲ್ಡರ್ ಹಿಂದಕ್ಕೆ ಹೋಗಬೇಕೆಂದು ಚುಕ್ಕಿ, ಗೀಟು ಹಾಕಿ ತೋರಿಸಬೇಕು. ಆಗ ಒಂದು ಪುಟದಲ್ಲಿ ಕೆಲಸ ಮಾಡಿದ ಸಾಲು ಇನ್ನೊಂದರಲ್ಲಿ ಕೈಕೊಡುತ್ತಿತ್ತು. ಯಾಕೆಂದು ಮುರಳಿಮೋಹನ್‌ಗೆ ತಿಳಿಯುತ್ತಿರಲಿಲ್ಲ. ಹುಡುಗರು ಕೇಳಿದಾಗ ಬೆವರು ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಅವರು ಸಿ ಡ್ರೈವಿನಿಂದ ಶುರುಮಾಡಿ ಕೊನೆಯ ಫೋಲ್ಡರಿನ ತನಕ ಪೂರ್ತಿ ದಾರಿ ಬರೆದು ನೋಡಿದರು. ತಪ್ಪು ಮಾಯವಾಯಿತು.

“ಚುಕ್ಕಿ ಗೀಟು ಲೆಕ್ಕ ಎಲ್ಲ ಬೇಡ ಕಣ್ರಪ್ಪ” ಎಂದು ಅಂದಿನಿಂದ ಹೇಳತೊಡಗಿದರು. “ಸಿ ಡ್ರೈವಿಂದ ಪೂರ್ತಿ ಬರೀರಿ. ಯಾವ ತಾಪತ್ರಯನೂ ಇರಲ್ಲ.”

ಸೆಂಟರಿನ ಎಲ್ಲ ಕಂಪ್ಯೂಟರಿನಲ್ಲೂ ಫೋಲ್ಡರುಗಳು ಒಂದೇ ಥರ ಇದ್ದುದರಿಂದ ಅಲ್ಲಿ ನಿಜಕ್ಕೂ ತಾಪತ್ರಯ ಇರಲಿಲ್ಲ. ಬೇರೆ ಕಂಪ್ಯೂಟರಿಗೆ ಹೋದರೆ ಈ ದಾರಿ ಇರುವುದಿಲ್ಲವಲ್ಲ ಎಂಬ ಯೋಚನೆ ಅವರಿಗೆ ಬಾರದೇ ಇರಲಿಲ್ಲ. ಬಂದಾಗಲೆಲ್ಲ ಮುಂದಿನ ಬ್ಯಾಚಿಗೆ ನೋಡೋಣ ಎಂದು ತಳ್ಳುತ್ತಿದ್ದರು. ಬ್ಯಾಚುಗಳು ಬಂದವು, ಹೋದವು.

ಭಾನುಪ್ರಿಯಾ ನಗರಗೆರೆಯಿಂದ ಬರುತ್ತಿದ್ದಳು. ಬಿ.ಎಸ್ಸಿ. ಮುಗಿಸಿ ಮದುವೆಯಾಗಿ, ಮಗಳು ಶಾಲೆಗೆ ಹೋಗುವ ತನಕ ಮನೆಯಲ್ಲಿದ್ದವಳು. ಗಂಡ ವೇಣು ತರಕಾರಿ ಟೆಂಪೋ ಓಡಿಸುತ್ತಾನೆ. ಅವಳನ್ನು ಸೆಂಟರಿಗೆ ಕರೆತಂದು ಸೇರಿಸಿದವರು ಅತ್ತೆ ಚಿಕ್ಕವೆಂಕಟಮ್ಮ.

“ಓದಿರೋ ತಲೇನ ಮನೇಲಿ ಸುಮ್ಕೆ ಯಾಕೆ ಇಟ್ಕಂಡಿರ್ಬೇಕು ಸ್ವಾಮಿ? ಮಗೀನ ನಾನು ನೋಡ್ಕಂತೀನಿ. ಇವಳಿಗೆ ಚೆನ್ನಾಗಿ ಹೇಳ್ಕೊಡ್ರಿ” ಎಂದು ಮೊದಲ ದಿನವೇ ಹೇಳಿ ಹೋಗಿದ್ದರು.

ಭಾನುಪ್ರಿಯಾ ತನ್ನ ಪ್ರಾಜೆಕ್ಟಿಗೆ ರೇಷ್ಮೆ ಸಾಕುವವರಿಗಾಗಿ ಒಂದು ವೆಬ್‌ಸೈಟ್ ಮಾಡಿದಳು. ಹುಳುವಿಗೆ ಯಾವಾಗ ಎಷ್ಟು ಸೊಪ್ಪು, ಯಾವ ರೋಗ ಹೇಗೆ ಕಾಣುತ್ತದೆ, ಆಗ ಏನು ಮಾಡಬೇಕು ಎಲ್ಲವೂ ಅದರಲ್ಲಿತ್ತು. ತಮ್ಮ ಮನೆಯ ಹುಳುಗಳ ಫೋಟೋವನ್ನೇ ತೆಗೆದು ಹಾಕಿದ್ದಳು. ಹಾಲು ರೋಗ ಬಂದ ಹುಳುವಿನ ಫೋಟೋ ನೋಡಿ ಕೆಳಗಿನ ಗೊಬ್ಬರದಂಗಡಿಗೆ ಬಂದಿದ್ದ ರೈತರೊಬ್ಬರು, “ನಮ್ಮನೇದೂ ಹಿಂಗೇ ಐತೆ, ಏನ್ ಮಾಡ್ಬೇಕಮ್ಮ?” ಎಂದು ಅವಳನ್ನೇ ಕೇಳಿದ್ದರು. ಮುರಳಿಮೋಹನ್‌ಗೆ ಹೆಮ್ಮೆಯಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಶಾಲೆಗಳಿಗೆ, ನರ್ಸಿಂಗ್ ಹೋಮುಗಳಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕಂಪನಿಯೊಂದಕ್ಕೆ ಕೆಲಸದವರು ಬೇಕಾಗಿದ್ದಾರೆ ಎಂದು ತಿಳಿದಾಗ ಅವರೇ ಅವಳನ್ನು ಕಳಿಸಿದರು. ಸ್ವಂತ ಪ್ರಾಜೆಕ್ಟನ್ನು ಅಲ್ಲಿಯ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿ ವಿವರಿಸಬೇಕು, ಅದೇ ಪರೀಕ್ಷೆ. ಭಾನುಪ್ರಿಯಾ ಪೆನ್‌ಡ್ರೈವ್ ಹಿಡಿದು ಬೆಳಗಿನ ಬಸ್ಸಿಗೇ ಹೋದಳು.

ಅವಳ ಫೋನು ಬಂದಾಗ ಮುರಳಿಮೋಹನ್ ಎದುರಿಗೆ ಅಲೀಪುರದಿಂದ ಬಂದಿದ್ದ ತಂದೆಯೊಬ್ಬರು ಕೂತಿದ್ದರು. ಮಗಳನ್ನು ಸೇರಿಸುವ ಮಾತು ನಡೆದಿತ್ತು.

“ಸಾರ್, ನನ್ನ ಪ್ರಾಜೆಕ್ಟ್ ಇಲ್ಲಿ ಓಪನ್ ಆಗ್ತಿಲ್ಲ” ಎಂದಳು ಭಾನುಪ್ರಿಯಾ. ದನಿ ಸಣ್ಣದಾಗಿತ್ತು. “ಹೆಡರ್ ಫೈಲ್ ಇಲ್ಲ ಅಂತ ಬರ್ತಾ ಇದೆ. ಫೈಲ್ ಇಲ್ಲೇ ಇದೆ ಸಾರ್, ಕಣ್ಣಿಗೆ ಕಾಣ್ತಾ ಇದೆ. ಸ್ಪೆಲ್ಲಿಂಗೂ ನೋಡ್ದೆ.”

“ಯಾವ ಡ್ರೈವಿಗೆ ಹಾಕಿದೀಯಮ್ಮ?”

“ಡಿ ಡ್ರೈವಿಗೆ ಸಾರ್. ಇವರ ಸರ್ವರ್ ಅಲ್ಲೇ ಇರೋದಂತೆ.”

ಮುರಳಿಮೋಹನ್‌ಗೆ ತಕ್ಷಣ ಅರ್ಥವಾಯಿತು. ಸಿ ಡ್ರೈವ್ ಅಂತ ಇರುವ ಕಡೆಯೆಲ್ಲ ಅಲ್ಲಿಯ ದಾರಿ ಬರಿ ಎಂದಿದ್ದರೆ ಸಾಕಿತ್ತು. ಆದರೆ ಹಾಗೆನ್ನಬೇಕಾದರೆ ನಾನು ಹೇಳಿಕೊಟ್ಟದ್ದೇ ತಪ್ಪು ಎನ್ನಬೇಕಿತ್ತು. ಎದುರಿಗಿದ್ದವರು ಅವರ ಮುಖವನ್ನೇ ನೋಡುತ್ತಿದ್ದರು.

“ಕಾಪಿ ಮಾಡೋವಾಗ ಏನೋ ಬಿಟ್ಟೋಗಿರುತ್ತೆ ಕಣಮ್ಮ” ಎಂದುಬಿಟ್ಟರು. “ನಾನು ಹೇಳ್ಕೊಟ್ಟಂಗೆ ಮಾಡಿದ್ರೆ ಹಿಂಗಾಗಲ್ಲ. ನಿಧಾನವಾಗಿ ಇನ್ನೊಂದ್ಸಲ ಕಾಪಿ ಮಾಡು.”

ಫೋನಿಟ್ಟ ಮೇಲೆ ಅಲೀಪುರದವರು ಏನಾಯಿತೆಂದು ಕೇಳಿದರು.

“ಏನಿಲ್ಲ, ನಮ್ಮ ಸ್ಟೂಡೆಂಟು. ಗಾಬರಿ ಮಾಡ್ಕೊಂಡಿದ್ದಾಳೆ ಅಷ್ಟೆ.”

ಅವರು ಎದ್ದು ಹೋದ ಕೂಡಲೇ ಮುರಳಿಮೋಹನ್ ಫೋನು ಮಾಡಿದರು. ಸ್ವಿಚ್ ಆಫ್. ಮಧ್ಯಾಹ್ನ ಸಿಕ್ಕಾಗ ಅವಳು ಬಸ್ಸಿನಲ್ಲಿದ್ದಳು. “ಆಗ್ಲಿಲ್ಲ ಸಾರ್. ಇನ್ನೊಂದ್ಸಲ ಕಾಪಿ ಮಾಡಿದ್ರೂ ಹಂಗೇ ಬಂತು. ನಾನೇ ಏನೋ ಮಾಡ್ಕೊಂಡಿದೀನಿ. ಸಾರಿ ಸಾರ್” ಎಂದಳು. ಆಗಲಾದರೂ ಹೇಳಬಹುದಿತ್ತು. “ಹೋಗ್ಲಿ ಬಿಡಮ್ಮ, ಬೇರೆ ಕಡೆ ನೋಡಣ” ಎಂದರು.

ಆ ವಾರವೇ ಚಿಕ್ಕವೆಂಕಟಮ್ಮ ಸೊಸೆಯನ್ನು ಕರೆದುಕೊಂಡು ಸೆಂಟರಿಗೆ ಬಂದರು. ಕೈಯಲ್ಲಿ ಒಂದು ಚೀಲ ಸೊನೆ ಅವರೆಕಾಯಿ.

“ನಮ್ಮುಡ್ಗಿ ನಿಮ್ಮ ಹೆಸರು ಕೆಡಿಸ್ಬಿಟ್ಳು. ಅಷ್ಟು ಹೇಳ್ಕೊಟ್ಟಿದ್ರಂತೆ ನೀವು. ಏನೋ ಬಿಟ್ಟು ಹೋಗವ್ಳೆ. ಮನಸ್ಸಿಗೆ ಹಾಕ್ಕಬ್ಯಾಡಿ ಸ್ವಾಮಿ” ಎಂದರು. ಭಾನುಪ್ರಿಯಾ ತಲೆ ತಗ್ಗಿಸಿ ನಿಂತಿದ್ದಳು.

“ಅಯ್ಯೋ, ಹಂಗೇನಿಲ್ಲಮ್ಮ” ಎಂದಷ್ಟೇ ಅಂದರು ಮುರಳಿಮೋಹನ್. ಬೇಡವೆಂದರೂ ಚಿಕ್ಕವೆಂಕಟಮ್ಮ ಚೀಲವನ್ನು ಮೇಜಿನ ಕಾಲಿಗೆ ಒರಗಿಸಿಟ್ಟು ಹೋದರು.

ಸಂಜೆ ಹೆಂಡತಿ ಸೌಜನ್ಯ ಅವರೆಕಾಯಿ ಬಿಡಿಸುತ್ತಾ, “ಯಾರು ಕೊಟ್ಟಿದ್ದು?” ಎಂದು ಕೇಳಿದಾಗ ಅವರು ನಡೆದದ್ದನ್ನೆಲ್ಲ ಹೇಳಿದರು. ಸೌಜನ್ಯ ಕಾಳು ಬಿಡಿಸುವುದನ್ನು ನಿಲ್ಲಿಸಿದರು.

“ಅಂದ್ರೆ ಆ ಹುಡುಗಿ ಏನೂ ತಪ್ಪು ಮಾಡಿಲ್ಲ.”

“ಇಲ್ಲ.”

“ಮತ್ತೆ ಇದನ್ನ ಹೆಂಗೆ ಇಸ್ಕೊಂಡ್ರಿ ನೀವು?”

ನಾಳೆ ಅವಳಿಗೆ ನಿಜ ಹೇಳುತ್ತೇನೆ ಎಂದರು ಮುರಳಿಮೋಹನ್. ಮರುದಿನ ಭಾನುಪ್ರಿಯಾ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ತನಗೆ ಈ ವಿದ್ಯೆ ಹತ್ತುವುದಿಲ್ಲವೆಂದು ಹೇಳಿ ಅವಳು ಗಾರ್ಮೆಂಟ್ಸಿಗೆ ಸೇರಿಕೊಂಡಳಂತೆ ಎಂದು ಅದೇ ಬಸ್ಸಿನಲ್ಲಿ ಬರುವ ಇನ್ನೊಬ್ಬ ಹುಡುಗಿ ಹೇಳಿದಳು.

ಹೊಸ ಬ್ಯಾಚಿನ ಪಾಠ ಸಾಗುತ್ತಾ ಇನ್‌ಕ್ಲೂಡಿನ ಹತ್ತಿರ ಬಂತು. ಮುರಳಿಮೋಹನ್ ಬೋರ್ಡಿನ ಮೇಲೆ ಅಭ್ಯಾಸಬಲದಿಂದ ಸಿ ಎಂದು ಬರೆದರು. ಕೈ ಅಲ್ಲೇ ನಿಂತಿತು. ಮುಂದಿನ ಬೆಂಚಿನಲ್ಲಿ ಅಲೀಪುರದವರ ಮಗಳು ಆ ಅಕ್ಷರವನ್ನು ಆಗಲೇ ಇಳಿಸಿಕೊಂಡಿದ್ದಳು.

“ಅದನ್ನ ಹೊಡೆದುಹಾಕಮ್ಮ” ಎಂದರು. “ಇದು ನಂಗೇ ಸರಿಯಾಗಿ ಗೊತ್ತಿಲ್ಲ. ಕಲಿತ್ಕೊಂಡು ಬಂದು ಹೇಳ್ತೀನಿ.”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾರ್ ತಮಾಷೆ ಮಾಡುತ್ತಿದ್ದಾರೆಂದು ಕೆಲವರು ನಕ್ಕರು.

ಅವರು ನಿಜವಾಗಿಯೂ ಕೂತು ಕಲಿತರು. ಇಷ್ಟು ವರ್ಷ ಬೆವರಿಸಿದ್ದ ಗಂಟು ಬಿಚ್ಚಲು ಒಂದು ಮಧ್ಯಾಹ್ನ ಸಾಕಾಯಿತು ಎಂಬುದೇ ಅವರನ್ನು ಹೆಚ್ಚು ಚುಚ್ಚಿತು. ಚುಕ್ಕಿ ಹಾಕಿ ಬರೆದ ದಾರಿಯನ್ನು ಕಂಪ್ಯೂಟರು ಆ ಸಾಲು ಇರುವ ಫೈಲಿನಿಂದ ಎಣಿಸುವುದಿಲ್ಲ. ನೋಡುವವನು ಮೊದಲು ತೆರೆದ ಪುಟದ ಫೋಲ್ಡರಿನಿಂದ ಎಣಿಸುತ್ತದೆ. ಅದಕ್ಕೇ ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಗುತ್ತಿರಲಿಲ್ಲ. ‘ಈ ಫೈಲ್ ಇರುವ ಫೋಲ್ಡರಿನಿಂದಲೇ ಎಣಿಸು’ ಎಂದು ಹೇಳಲು ಪಿಎಚ್‌ಪಿಯಲ್ಲಿ ಒಂದು ಪುಟ್ಟ ಪದವೇ ಇದೆ. ಅದನ್ನು ಬರೆದರೆ ವೆಬ್‌ಸೈಟನ್ನು ಯಾವ ಡ್ರೈವಿಗೆ ಹಾಕಿದರೂ, ಯಾವ ಕಂಪ್ಯೂಟರಿಗೆ ಒಯ್ದರೂ ದಾರಿ ತಪ್ಪುವುದಿಲ್ಲ.

ಭಾನುವಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ನಗರಗೆರೆಗೆ ಹೋದರು. ಭಾನುಪ್ರಿಯಾ ಮನೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ಚಿಕ್ಕವೆಂಕಟಮ್ಮ ಚಾಪೆ ಹಾಸಿ, “ಕೂತ್ಕಳಿ ಸ್ವಾಮಿ, ಕಾಫಿ ಇಡ್ತೀನಿ” ಎಂದು ಎದ್ದರು.

“ಬೇಡಮ್ಮ, ನೀವೂ ಕೂತ್ಕೊಳಿ. ನಿಮಗೂ ಹೇಳ್ಬೇಕು” ಎಂದರು ಮುರಳಿಮೋಹನ್. “ಅವತ್ತು ಭಾನುದು ಏನೂ ತಪ್ಪಿಲ್ಲ. ನಾನು ಹೇಳ್ಕೊಟ್ಟಿದ್ದೇ ತಪ್ಪು. ಫೈಲಿನ ದಾರಿ ಬರೆಯೋದು ನಂಗೇ ಬರ್ತಿರ್ಲಿಲ್ಲ. ನನ್ನ ಸೆಂಟರಲ್ಲಿ ಮಾತ್ರ ನಡೆಯೋ ಹಂಗೆ ಕಲ್ಸಿದ್ದೆ.”

ಭಾನುಪ್ರಿಯಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

“ನಾನು ಫೋನ್ ಮಾಡಿದಾಗ ನಿಮಗೆ ಗೊತ್ತಾಯ್ತಾ ಸಾರ್?”

ಆ ಪ್ರಶ್ನೆ ಬರುತ್ತದೆಂದು ಅವರಿಗೆ ಬಸ್ಸಿನಲ್ಲೇ ಗೊತ್ತಿತ್ತು. “ಗೊತ್ತಾಯ್ತು. ಡಿ ಡ್ರೈವ್ ಅಂದ ತಕ್ಷಣ ಗೊತ್ತಾಯ್ತು. ಎದುರಿಗೆ ಅಡ್ಮಿಷನ್ನಿಗೆ ಬಂದೋರಿದ್ರು. ಮರ್ಯಾದೆ ಹೋಗುತ್ತೆ ಅಂತ ಹೇಳ್ಲಿಲ್ಲ.”

“ಒಂದು ಮಾತು ಹೇಳಿದ್ರೆ ಸರಿ ಮಾಡ್ಕೊಂತಿದ್ದೆ” ಎಂದಳು. “ನಾನು ಅಷ್ಟು ಜನದ ಮುಂದೆ ಅದೇ ಫೈಲನ್ನ ತಿರುಗಿ ತಿರುಗಿ ಕಾಪಿ ಮಾಡ್ತಾ ಕೂತಿದ್ದೆ ಸಾರ್. ನೀವು ಹೇಳಿದ್ರಿ ಅಂತ.”

ಚಿಕ್ಕವೆಂಕಟಮ್ಮ ಇಬ್ಬರನ್ನೂ ನೋಡಿದರು. ಕಂಪ್ಯೂಟರಿನ ವಿಷಯ ಆಕೆಗೆ ತಿಳಿಯದಿದ್ದರೂ ಮಾತಿನ ತಿರುಳು ತಿಳಿಯಿತು.

“ಅಯ್ಯೋ ದೇವುಡಾ! ಬಸ್ ಚಾರ್ಜು ದಂಡ ಅಂತ ಇವಳನ್ನ ಬಾಯಿಗೆ ಬಂದಂಗೆ ಬೈದ್ನಲ್ಲೇ ನಾನು” ಎಂದರು. ಎದ್ದು ಹೋಗಿ ಸೊಸೆಯ ತೋಳು ಹಿಡಿದುಕೊಂಡರು. “ನಂಗೂ ಬುದ್ಧಿ ಇಲ್ಲ ಬಿಡು ಕಣಮ್ಮ.” ಆಮೇಲೆ ಮುರಳಿಮೋಹನ್ ಕಡೆ ತಿರುಗಿದರು. “ಮೇಷ್ಟ್ರೇ, ಇದನ್ನ ಆ ಕಂಪ್ನಿಯೋರಿಗೂ ಹೇಳ್ರಿ. ನಮ್ಮ ಮುಂದೇನೇ ಹೇಳ್ರಿ.”

ಮುರಳಿಮೋಹನ್ ಭಾನುಪ್ರಿಯಾಳಿಂದ ನಂಬರ್ ತೆಗೆದುಕೊಂಡು, ಪರೀಕ್ಷೆ ಮಾಡಿದ್ದ ಸುನೀಲ್‌ಕುಮಾರ್ ಎಂಬವರಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ತಪ್ಪು ಹುಡುಗಿಯದಲ್ಲ, ತಮ್ಮದು ಎಂದು ಬಿಡಿಸಿ ಹೇಳಿದರು.

ಸುನೀಲ್‌ಕುಮಾರ್ ಸಮಾಧಾನವಾಗಿ ಕೇಳಿಸಿಕೊಂಡರು. “ಆ ಕೆಲಸಕ್ಕೆ ಬೇರೆಯವರು ಸೇರಿ ಆಯ್ತು ಸಾರ್” ಎಂದರು. “ಅವರ ರೇಷ್ಮೆ ಫೋಟೋಗಳು ಚೆನ್ನಾಗಿದ್ವು, ನೆನಪಿದೆ. ಆದ್ರೆ ನಿಮಗೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೆಂಟರಿನವರು ಮುಂಚೆನೂ ಬಂದಿದ್ರು. ಗಂಗರಾಜು ಅಂತ ಒಬ್ಬರು, ಇನ್ನೊಂದು ಹುಡುಗಿ. ಅವರದೂ ಇದೇ ಸಿ ಡ್ರೈವ್ ಕಥೆ. ಅವರೂ ಅವತ್ತು ಇಲ್ಲಿ ಕೂತು ಬೆವತಿದ್ರು.”

ಮುರಳಿಮೋಹನ್ ಫೋನಿಟ್ಟರು. ಒಬ್ಬಳಿಗೆ ತಪ್ಪೊಪ್ಪಿಕೊಂಡರೆ ಮುಗಿಯುತ್ತದೆ ಎಂದುಕೊಂಡು ಬಂದವರಿಗೆ, ಇನ್ನೂ ಎಷ್ಟು ಜನರೋ ಎಂಬ ಯೋಚನೆ ಹತ್ತಿತು.

ಭಾನುಪ್ರಿಯಾ ಒಳಗೆ ಹೋಗಿ ಮುಖ ತೊಳೆದು ಬಂದಳು. ಚಾಪೆಯ ಮೇಲೆ ಕೂತು, “ಸರಿಯಾಗಿ ಹೆಂಗೆ ಬರೆಯೋದು, ತೋರ್ಸಿ ಸಾರ್” ಎಂದಳು. ಅವರು ತೋರಿಸಿದರು. ಅವಳು ತಾನೇ ಒಂದೊಂದು ಪುಟವನ್ನೂ ಬದಲಾಯಿಸಿದಳು. ಅವರು ಗಮನಿಸದೇ ಇದ್ದ ಒಂದು ಕಡೆ ಫೈಲಿನ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ಇನ್‌ಕ್ಲೂಡ್ ಸಾಲಿನಲ್ಲಿ ಅದೇ ಹೆಸರು ಚಿಕ್ಕ ಅಕ್ಷರದಲ್ಲಿ ಇದ್ದುದನ್ನೂ ಕಂಡು, ಅದು ನಡೆಯುತ್ತದಾ ಎಂದು ಕೇಳಿದಳು. ವಿಂಡೋಸಿನಲ್ಲಿ ನಡೆಯುತ್ತದೆ, ಬೇರೆ ಸರ್ವರುಗಳಲ್ಲಿ ಕೈಕೊಡಬಹುದು ಎಂದರು. “ಇದನ್ನೂ ನೀವು ಹೇಳಿರ್ಲಿಲ್ಲ” ಎಂದಳು. ಅದರಲ್ಲಿ ಕೋಪ ಇತ್ತೋ, ಇರಲಿಲ್ಲವೋ, ಅವರಿಗೆ ಗೊತ್ತಾಗಲಿಲ್ಲ.

ಅವಳು ಗಾರ್ಮೆಂಟ್ಸ್ ಬಿಡಲಿಲ್ಲ. ಸೆಂಟರಿಗೆ ಮತ್ತೆ ಬಂದು ಸೇರಿಕೋ ಎಂದರೆ, “ನೋಡ್ತೀನಿ ಸಾರ್” ಎಂದು ಕಳಿಸಿದಳು, ಬರಲಿಲ್ಲ. ಮೊಬೈಲಿನಲ್ಲೇ ಪಾಠ ನೋಡಿ ಮುಂದಿನದನ್ನು ತಾನೇ ಕಲಿತಳು. ಮಳೆಗಾಲ ಶುರುವಾಗುವ ಹೊತ್ತಿಗೆ ಊರಿನ ಖಾಸಗಿ ಶಾಲೆಯೊಂದರ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಸುದ್ದಿ ಮುರಳಿಮೋಹನ್‌ಗೆ ಬೇರೆಯವರಿಂದ ತಿಳಿಯಿತು.

ಅವರು ಹಳೆಯ ವಿದ್ಯಾರ್ಥಿಗಳ ನಂಬರು ಹುಡುಕಿ ಒಬ್ಬೊಬ್ಬರಿಗೇ ಫೋನು ಮಾಡಿದರು. ಕೆಲವರು ಎತ್ತಲಿಲ್ಲ. ಕೆಲವರು, “ಅದು ನಮಗೆ ಆಮೇಲೆ ಗೊತ್ತಾಯ್ತು ಬಿಡಿ ಸಾರ್” ಎಂದು ನಕ್ಕರು. ಗಂಗರಾಜು ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ತರಕಾರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ. ಫೋನಿನಲ್ಲಿ ಅವನ ಹಿಂದೆ ಟೊಮೆಟೊ ಹರಾಜಿನ ಕೂಗು ಕೇಳುತ್ತಿತ್ತು. ಅವನಿಗೂ ಎಲ್ಲವನ್ನೂ ಹೇಳಿದರು.

“ಕೇಳಿಸ್ತೇನಪ್ಪ?” ಎಂದರು ಮುರಳಿಮೋಹನ್.

“ಕೇಳಿಸ್ತು ಸಾರ್. ನಾನು ನಂಗೇ ತಲೆ ಇಲ್ಲ ಅನ್ಕೊಂಡು ಕಂಪ್ಯೂಟರೇ ಬಿಟ್ಬಿಟ್ಟಿದ್ದೆ” ಎಂದ ಗಂಗರಾಜು. “ಲೋಡ್ ಬಂತು, ಆಮೇಲೆ ಫೋನ್ ಮಾಡ್ತೀನಿ.”