ಖುರ್ಚಿ ಬಿಟ್ಟವರ ಸೌಂಡು

ಶಿಗ್ಗಾವಿಯೊಳಗ ಇಬ್ಬರು ಗೆಳೆಯರ ಅಂಗಡಿ ಐತಿ. ಆಟೋಕ್ಕ ಮೈಕ್ ಕಟ್ಟಿ ಊರ ತುಂಬ ಸಾರೂ ಸುದ್ದಿ ರೆಕಾರ್ಡ್ ಮಾಡಿ ಕೊಡೂದು ಅವರ ಕೆಲಸ. ರಾಜೇಸಾಬರದು ಸೀರಿ ಸೇಲಿನ ಜಾಹೀರಾತು, ಈರಣ್ಣಂದು ಸಾವಿನ ಸುದ್ದಿ. ಲಿನಕ್ಸ್ ಕಂಪ್ಯೂಟರ್ ಒಂದ, ಲಾಗಿನ್ ಎರಡು.

ರಿಪೇರಿಗೆ ಹೋದ ನನಗ ರಾಜೇಸಾಬರು, “ನಾನು ಗಿರಾಕಿಗೆ ಕೇಳಸಾಕತ್ತಿರ್ತೇನ್ರಿ, ಈರಣ್ಣ ತನ್ನ ಲಾಗಿನ್‌ಗೆ ಹೋದ ಕೂಡ್ಲೇ ನನ್ನ ಸೌಂಡ್ ಬಂದ್!” ಅಂದ್ರು.

ಖುರ್ಚಿ ಮ್ಯಾಲ, ಅಂದ್ರ ಆ ಹೊತ್ತಿಗೆ ಲಾಗಿನ್‌ನ್ಯಾಗ, ಯಾರು ಅದಾರೋ ಸೌಂಡು ಅವರದ ಅನ್ನೂದು ಲಿನಕ್ಸಿನ ಕಾಯ್ದೆ. ನಾನು ದೊಡ್ಡ ಶ್ಯಾಣ್ಯಾ ನೋಡ್ರಿ, ಇಬ್ಬರಿಗೂ ಕಾಯಂ ಪರವಾನಗಿ ಕೊಟ್ಟು, ಎರಡೂ ಕೂಡೇ ಕೇಳೂ ಹಂಗ ಮಾಡಿಬಿಟ್ಟೆ.

ಅಷ್ಟರಾಗ ಅಪ್ಪನ್ನ ಕಳಕೊಂಡ ಅಕ್ಕಾರೊಬ್ಬರು ಸಾವಿನ ಸುದ್ದಿ ಸರಿ ಐತೇನು ಕೇಳಾಕ ಬಂದ್ರು. ರಾಜೇಸಾಬರ ಜಾಹೀರಾತು ನಡದಿತ್ತು. ಈರಣ್ಣ ಲಾಗಿನ್ ಬದಲಿಸಿ ತನ್ನದು ಹಚ್ಚಿದ.

“ಸೀರಿ ವ್ಯಾಪಾರಿ ಚನ್ನಬಸಪ್ಪನವರು ನಿಧನರಾಗಿದ್ದಾರೆ...”

“ಬರ್ರಿ ಬರ್ರಿ! ಇಂಥಾ ಅವಕಾಶ ಮತ್ತ ಸಿಗಂಗಿಲ್ಲ! ಒಂದು ತಗೊಂಡ್ರ ಒಂದು ಫ್ರೀ!”

ಅಕ್ಕಾರು ಸೆರಗು ಬಾಯಿಗೆ ಒತ್ತಿಕೊಂಡ್ರು, ಹೆಗಲು ನಡಗಾಕತ್ತಿದ್ವು. ಅಳಾಕತ್ತಾರ ಅಂತ ತಿಳದ್ರ, ನಗಾಕತ್ತಿದ್ರು!

“ನಮ್ಮಪ್ಪಾರು ಜೀವ ಇರೂತನಕ ಹಿಂಗ ಒದರಿದವರು. ಹಿಂಗ ಇರ್ಲಿ ಬಿಡ್ರಿ.”

ಬ್ಯಾಡ್ರಿ, ಊರಾಗ ಸಾರೂದು ಬರೇ ಸಾವಿನ ಸುದ್ದಿ ಇರ್ಲಿ ಅಂತ ನಾವು ಮೂವರೂ ಕೈಮುಗಿದು ಅವರನ್ನ ಒಪ್ಪಿಸಿದ್ವಿ. ಆಮ್ಯಾಲೆ ನಾನು ಹಳೇ ಕಾಯ್ದೇನ ತಿರುಗಿ ಹಾಕಿದೆ. ಖುರ್ಚಿ ಬಿಟ್ಟ ಕೂಡ್ಲೇ ಸೌಂಡು ಬಂದ್ ಆಗಬೇಕು ಅನ್ನೂದು ಲಿನಕ್ಸಿಗೆ ಸರಿ. ಸೀರಿ ವ್ಯಾಪಾರಿಗಳಿಗೆ ಅದು ಲಾಗೂ ಆಗಂಗಿಲ್ಲ.